ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಈಗಲೇ ಬರೆದಿಡುವುದು: ಕಾಸರಗೋಡಿನವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಅಪ್ಪ ಬಿದ್ದದ್ದು ತೋಟದಲ್ಲಿ. ಅಡಿಕೆ ಹೆಕ್ಕಲು ಹೋದವರು ಇನ್ನೂ ಬರಲಿಲ್ಲವೆಂದು ಅಮ್ಮ ಹುಡುಕಿಕೊಂಡು ಹೋದಾಗ ಅವರ ಮಾತು ನಿಂತಿತ್ತು. ಬದಿಯಡ್ಕದಿಂದ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕೊಂಡುಹೋದೆವು. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ ಅಲ್ವಾ. ಮೆದುಳಿನಲ್ಲಿ ರಕ್ತಸ್ರಾವ ಎಂದರು, ವೆಂಟಿಲೇಟರ್ ಹಾಕಿದರು. ನಾಲ್ಕನೇ ದಿನ ಡಾಕ್ಟರು ನಮ್ಮನ್ನು ಕೂರಿಸಿ, ಇನ್ನು ಎಚ್ಚರ ಬರುವುದು ಕಷ್ಟ ಎಂದು ಹೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಇಂಥ ಸ್ಥಿತಿ ಬಂದರೆ ಏನು ಮಾಡಬೇಕು ಅಂತ ಅವರು ಯಾವಾಗಲಾದರೂ ಹೇಳಿದ್ದರಾ?"

ಹೇಳಿರಲಿಲ್ಲ. ನಾವು ಮೂವರು ಮಕ್ಕಳು, ಮೂವರದ್ದೂ ಬೇರೆ ಬೇರೆ ಉತ್ತರ. ಅಪ್ಪ 19 ದಿನ ಹಾಗೇ ಮಲಗಿದ್ದರು. ಅಣ್ಣನೂ ನಾನೂ ಇವತ್ತಿಗೂ ಆ ದಿನಗಳ ಮಾತು ಎತ್ತುವುದಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಅಮ್ಮ ಒಂದು ದಿನ, "ನನ್ನದು ಈಗಲೇ ಬರೆದಿಡು" ಎಂದರು. ಅವರದ್ದನ್ನೂ ನನ್ನದನ್ನೂ ಒಟ್ಟಿಗೆ ಮಾಡಿಸಿದೆವು. ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಷ್ಟ ಸ್ವಲ್ಪ ಬೇರೆ. ನಾವು ಇರುವುದು ಕೇರಳದಲ್ಲಿ, ಚಿಕಿತ್ಸೆಗೆ ಹೋಗುವುದು ಕರ್ನಾಟಕಕ್ಕೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಗದ ಮಾಡಿಸಿದರೆ ಬೇಕಾದಾಗ ಅದು ಕೈಗೆ ಸಿಗುವುದಿಲ್ಲ.

ಇದು ಯಾವ ಕಾಗದ?

ಕೋರ್ಟಿನ ಭಾಷೆಯಲ್ಲಿ ಇದರ ಹೆಸರು ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್. ಜನ ಲಿವಿಂಗ್ ವಿಲ್ ಎನ್ನುತ್ತಾರೆ. ಗುಣವಾಗದ ಕಾಯಿಲೆಯ ಕೊನೆ ಹಂತದಲ್ಲಿ, ಮಾತಾಡುವ ಅಥವಾ ಯೋಚಿಸಿ ತೀರ್ಮಾನಿಸುವ ಶಕ್ತಿ ಹೋದಾಗ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಪತ್ರ. ಆಸ್ತಿಯ ವಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಸತ್ತ ಮೇಲೆ ನಡೆಯುತ್ತದೆ, ಇದು ಬದುಕಿರುವಾಗಲೇ ನಡೆಯುತ್ತದೆ. ಇದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು ಎಂದು ಕೋರ್ಟು ಎಲ್ಲೂ ಹೇಳಿಲ್ಲ.

ಇದರ ಹಿಂದೆ ನಮ್ಮ ಕರಾವಳಿಯ ಒಬ್ಬ ಹೆಣ್ಣುಮಗಳ ಕತೆ ಇದೆ. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆ ಆಯಿತು. ಆಮೇಲೆ ಅವರು ಮೊದಲಿನಂತಾಗಲಿಲ್ಲ. 2015ರ ಮೇ ತಿಂಗಳವರೆಗೆ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ನರ್ಸುಗಳು ಅವರನ್ನು ಮಗುವಿನ ಹಾಗೆ ನೋಡಿಕೊಂಡರು. ಅವರ ಹೆಸರಿನ ಕೇಸಿನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು ಮೊದಲ ಬಾರಿ, ಗುಣವಾಗದವರ ಚಿಕಿತ್ಸೆ ನಿಲ್ಲಿಸಲು ಅವಕಾಶ ಕೊಡುವ ಈ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಕೇಸಿನಲ್ಲಿ ಐವರು ನ್ಯಾಯಾಧೀಶರ ಪೀಠ, ಮರ್ಯಾದೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಸೇರಿದೆ ಎಂದಿತು. ಲಿವಿಂಗ್ ವಿಲ್ಲಿಗೆ ಕಾನೂನಿನ ಬಲ ಬಂದದ್ದು ಅಲ್ಲಿಂದ.

ಒಂದು ಎಚ್ಚರಿಕೆ. 2018ರ ನಿಯಮದಲ್ಲಿ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಅದು ಜನರಿಗೆ ತುಂಬಾ ಕಷ್ಟವಾಯಿತು. 2023ರ ಜನವರಿ 24ರಂದು ಕೋರ್ಟು ಅದನ್ನು ಸಡಿಲಿಸಿತು. ಈಗಲೂ ಎಷ್ಟೋ ಬರಹಗಳಲ್ಲಿ ಹಳೆಯ ನಿಯಮವೇ ಇದೆ. ಅದನ್ನು ಓದಿ ಕೋರ್ಟಿಗೆ ಅಲೆಯಬೇಡಿ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ನೀವು ಬರೆದುಕೊಟ್ಟರೂ ಅಪರಾಧವೇ. ಈ ಕಾಗದ ಹೇಳುವುದು ಇಷ್ಟೇ: ಗುಣವಾಗುವ ಆಸೆ ಇಲ್ಲದಾಗ ಯಂತ್ರದಿಂದ ಎಳೆಯಬೇಡಿ, ನೋವಿಲ್ಲದ ಹಾಗೆ ನೋಡಿಕೊಳ್ಳಿ. ನಾಳೆ ಬೈಕಿನಿಂದ ಬಿದ್ದು ಆಸ್ಪತ್ರೆಗೆ ಹೋದರೆ ಈ ಕಾಗದ ಇದೆ ಎಂದು ಯಾರೂ ಚಿಕಿತ್ಸೆ ನಿಲ್ಲಿಸುವುದಿಲ್ಲ. ನಿಮಗೆ ಎಚ್ಚರವಿದ್ದು ಮಾತಾಡಲು ಆಗುವವರೆಗೂ ನಿಮ್ಮ ಮಾತೇ ನಡೆಯುತ್ತದೆ, ಕಾಗದವಲ್ಲ.

ಮೊದಲ ಹೆಜ್ಜೆ: ಮನೆಯಲ್ಲಿ ಮಾತು

ನೋಟರಿ ಹತ್ತಿರ ಹೋಗುವುದು ಆಮೇಲೆ. ಮೊದಲು ಊಟದ ಮನೆಯಲ್ಲಿ ಕೂತು ಮಾತಾಡಿ. "ಅಪಶಕುನ ಬೇಡ" ಎಂದು ಯಾರಾದರೂ ಎದ್ದು ಹೋಗಬಹುದು. ನಮ್ಮಲ್ಲಿ ಅಕ್ಕ ಎದ್ದು ಹೋದಳು. ಮರುದಿನ ಅವಳೇ ಬಂದು ಕೂತಳು. ಅಮ್ಮ ಅವಳಿಗೆ ಹೇಳಿದ್ದು ಇಷ್ಟೇ: "ಅಪ್ಪನ ಸಲ ನೀವು ಮೂವರು ಜಗಳ ಆಡಿದ್ದು ನಾನು ನೋಡಿದ್ದೇನೆ. ನನ್ನ ಸಲ ಆಡಬೇಡಿ."

ಕೇರಳದಲ್ಲಿ ಇರುವ ನಮಗೆ ಒಂದು ದೊಡ್ಡ ಅನುಕೂಲ ಇದೆ. 2008ರಲ್ಲಿ ಪಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಆರೈಕೆಯ ನೀತಿ ತಂದ ದೇಶದ ಮೊದಲ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಕ್ಯಾನ್ಸರ್, ಪಾರ್ಶ್ವವಾಯು, ಎಂಡೋಸಲ್ಫಾನ್ ಸಂತ್ರಸ್ತರು, ಎಲ್ಲರನ್ನೂ ಹತ್ತಿರದಿಂದ ನೋಡಿದವರು ಅವರು. ವೆಂಟಿಲೇಟರ್ ಎಂದರೆ ಏನು, ಮೂಗಿನ ನಳಿಗೆಯಲ್ಲಿ ಊಟ ಕೊಡುವುದು ಹೇಗೆ, ಎದೆ ಒತ್ತಿ ಹೃದಯ ಚಾಲು ಮಾಡುವಾಗ ವಯಸ್ಸಾದವರ ಪಕ್ಕೆಲುಬು ಹೇಗೆ ಮುರಿಯಬಹುದು, ಇದನ್ನೆಲ್ಲ ಅವರನ್ನು ಕೇಳಿ. ವಕೀಲರಿಗಿಂತ ಮೊದಲು ಅವರನ್ನು ಕಾಣಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಏನನ್ನು ಬೇಡ ಎನ್ನುತ್ತಿದ್ದೀರಿ ಎಂದು ಗೊತ್ತಿಲ್ಲದೆ ಬರೆದ ಬೇಡಕ್ಕೆ ಅರ್ಥವಿಲ್ಲ.

ಎರಡನೇ ಹೆಜ್ಜೆ: ನಿಮ್ಮ ಪರವಾಗಿ ಮಾತಾಡುವವರು

ಬರೆಯುವವರಿಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಸ್ವಂತ ಇಚ್ಛೆಯಿಂದ ಬರೆಯಬೇಕು. ಮರೆವಿನ ಕಾಯಿಲೆ ಶುರುವಾಗಿದ್ದರೆ ತಡ ಮಾಡಬೇಡಿ. ತಿಳಿವಳಿಕೆ ಇರುವಾಗಲೇ ಮಾಡಿಸಬೇಕು. ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ತೆಗೆದು ಜೊತೆಗಿಟ್ಟರೆ ಮುಂದೆ ಯಾರೂ ತಕರಾರು ಮಾಡಲಾರರು.

ನಿಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರನ್ನು ಕಾಗದದಲ್ಲಿ ಬರೆಯಬೇಕು. ಹತ್ತಿರದ ಸಂಬಂಧಿ ಅಥವಾ ಗಾರ್ಡಿಯನ್ ಆಗಬಹುದು. ಒಬ್ಬರ ಹೆಸರು ಸಾಲದು, ಒಬ್ಬರಿಗಿಂತ ಜಾಸ್ತಿ ಬೇಕು. ಅತಿ ಹತ್ತಿರದವರೇ ಆಗಬೇಕು ಅಂತಿಲ್ಲ, ಗಟ್ಟಿ ಮನಸ್ಸಿನವರು ಆಗಬೇಕು. ಗಲ್ಫಿನಲ್ಲಿ ಮಗ ಇದ್ದಾನೆ ಎಂದು ಅವನ ಹೆಸರು ಮಾತ್ರ ಹಾಕಿದರೆ ಬೇಕಾದ ಹೊತ್ತಿಗೆ ಅವನು ಇಲ್ಲಿ ಇರಲಾರ. ಅಮ್ಮ ಮೊದಲು ನನ್ನ ಹೆಸರು ಹಾಕಿದರು, ಆಮೇಲೆ ಅಕ್ಕನದು, ಮೂರನೆಯದಾಗಿ ವಿಟ್ಲದ ಸೋದರಮಾವನ ಮಗನದು. ಅವನು ಮಂಗಳೂರಿಗೆ ಒಂದು ಗಂಟೆಯೊಳಗೆ ಮುಟ್ಟುತ್ತಾನೆ. ಒಬ್ಬರು ಸಿಗದಿದ್ದರೆ ಮುಂದಿನವರು ತೀರ್ಮಾನಿಸಬಹುದು ಎಂದೂ ಸೇರಿಸಿದೆವು.

ಆಸ್ತಿಗೆ ಕೊಟ್ಟ ಪವರ್ ಆಫ್ ಅಟಾರ್ನಿ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೇ ಕಾನೂನಿನ ಪ್ರಕಾರ ಮುಗಿದುಹೋಗುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೇ ಅದು ಇರುವುದಿಲ್ಲ.

ಮೂರನೇ ಹೆಜ್ಜೆ: ಬರೆಯುವುದು

ಕಾಗದ ಬರವಣಿಗೆಯಲ್ಲೇ ಇರಬೇಕು. ಕೋರ್ಟು ಹೇಳಿದ ಪ್ರಕಾರ ಈ ಸಂಗತಿಗಳು ಅದರಲ್ಲಿ ಬರಲೇಬೇಕು: ಯಾವ ಸ್ಥಿತಿಯಲ್ಲಿ ಚಿಕಿತ್ಸೆ ನಿಲ್ಲಿಸಬಹುದು ಅಥವಾ ಶುರು ಮಾಡದಿರಬಹುದು, ಒಪ್ಪಿಗೆ ಕೊಡುವವರು ಯಾರು, ಇದರ ಪರಿಣಾಮ ನನಗೆ ಅರ್ಥವಾಗಿದೆ ಎಂಬ ಮಾತು, ಯಾವಾಗ ಬೇಕಾದರೂ ಇದನ್ನು ವಾಪಸ್ ತೆಗೆದುಕೊಳ್ಳಬಹುದು ಎಂಬ ಮಾತು. ಬರೆದದ್ದು ಗೊಂದಲವಾಗಿದ್ದರೆ ಡಾಕ್ಟರುಗಳ ಮಂಡಳಿ ಅದನ್ನು ಜಾರಿ ಮಾಡುವುದಿಲ್ಲ. ಆದ್ದರಿಂದ "ಸುಮ್ನೆ ನರಳಿಸಬೇಡಿ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅಮ್ಮನ ಮೊದಲ ಕಾಗದದ ಮುಖ್ಯ ಭಾಗ ಹೀಗಿತ್ತು. ಹೆಸರು, ವಿಳಾಸ, ವಯಸ್ಸು, ಆಧಾರ್ ವಿವರ ಇದರ ಮೇಲೆ ಬರುತ್ತದೆ:

"ನಾನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆಸಿದ್ದೇನೆ. ಇದರ ಪರಿಣಾಮವೇನೆಂದು ನನಗೆ ತಿಳಿದಿದೆ. ನನ್ನ ಕಾಯಿಲೆ ಕೊನೆಯ ಹಂತ ತಲುಪಿ, ಗುಣವಾಗುವ ಸಾಧ್ಯತೆ ಇಲ್ಲವೆಂದು ವೈದ್ಯರು ತೀರ್ಮಾನಿಸಿದಾಗ, ಮತ್ತು ನನಗೆ ಸ್ವಂತ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇಲ್ಲದಾಗ, ಈ ಕೆಳಗಿನವು ಬೇಡ: ವೆಂಟಿಲೇಟರ್, ಗಂಟಲಿಗೆ ತೂತು ಮಾಡಿ ಕೊಳವೆ ಹಾಕುವುದು, ಡಯಾಲಿಸಿಸ್, ರಕ್ತದೊತ್ತಡ ಹಿಡಿದಿಡುವ ಡ್ರಿಪ್, ಹೃದಯ ನಿಂತರೆ ಎದೆ ಒತ್ತುವುದು ಮತ್ತು ಶಾಕ್ ಕೊಡುವುದು. ಇವನ್ನು ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಬಹುದು. ನೋವಿಗೆ ಮದ್ದು, ಉಸಿರಿನ ತೊಂದರೆಗೆ ಮದ್ದು, ಬಾಯಿ ಒದ್ದೆ ಮಾಡುವುದು, ಮೈ ಒರೆಸುವುದು, ಹುಣ್ಣಾಗದಂತೆ ನೋಡಿಕೊಳ್ಳುವುದು ಕೊನೆಯವರೆಗೂ ಬೇಕು. ಸಾಧ್ಯವಾದರೆ ಮನೆಗೆ ಕರೆದುಕೊಂಡು ಹೋಗಿ. ಇದನ್ನು ನಾನು ಯಾವಾಗ ಬೇಕಾದರೂ ರದ್ದು ಮಾಡಬಹುದು."

ಮೂಗಿನ ನಳಿಗೆಯ ವಿಷಯದಲ್ಲಿ ಅಮ್ಮ ತುಂಬಾ ದಿನ ಯೋಚಿಸಿದರು. ಅನ್ನ ನೀರು ನಿಲ್ಲಿಸುವುದು ಎಂದರೆ ನಮ್ಮವರಿಗೆ ಮನಸ್ಸು ಒಪ್ಪುವುದಿಲ್ಲ. ಕೊನೆಗೆ, "ಬಾಯಿಯಿಂದ ನುಂಗಲು ಆಗುವಷ್ಟು ದಿನ ಕೊಡಿ, ನಳಿಗೆಯ ತೀರ್ಮಾನ ಹೆಸರಿಸಿದವರಿಗೆ ಬಿಟ್ಟದ್ದು" ಎಂದು ಬರೆಸಿದರು. ನಿಮ್ಮ ಮನಸ್ಸು ಏನು ಹೇಳುತ್ತದೋ ಅದನ್ನೇ ಬರೆಯಿರಿ. ಎಲ್ಲ ಚಿಕಿತ್ಸೆಯೂ ಕೊನೆಯವರೆಗೆ ಬೇಕು ಎಂದು ಬರೆಯುವುದಕ್ಕೂ ನಿಮಗೆ ಹಕ್ಕಿದೆ.

ಭಾಷೆ ಯಾವುದು? ಕಾಸರಗೋಡು, ಮಂಜೇಶ್ವರ ತಾಲೂಕಿನ ಕನ್ನಡಿಗರಿಗೆ ಸ್ಥಳೀಯ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕಿದೆ. ಅದನ್ನು ಬಿಟ್ಟುಕೊಡಬೇಡಿ. ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿ ಅಮ್ಮನ ಕಾಗದ ಇರಬೇಕು. ಆದರೆ ರಾತ್ರಿ ಡ್ಯೂಟಿಯ ಡಾಕ್ಟರಿಗೆ ಕನ್ನಡ ಬರದೇ ಇರಬಹುದು. ಪರಿಯಾರಂನ ಮೆಡಿಕಲ್ ಕಾಲೇಜಿಗೆ ಹೋದರಂತೂ ಕನ್ನಡ ಓದುವವರು ಸಿಗುವುದು ಕಷ್ಟ. ಅದಕ್ಕೆ ನಾವು ಒಂದೇ ಹಾಳೆಯಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಹಾಕಿದೆವು. ಎರಡರ ನಡುವೆ ವ್ಯತ್ಯಾಸ ಬಂದರೆ ಕನ್ನಡವೇ ಸರಿ ಎಂದು ಕೊನೆಗೆ ಒಂದು ಸಾಲು ಸೇರಿಸಿದೆವು. ಟೈಪಿಂಗನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆವು.

ಆಸ್ಪತ್ರೆಯ ಹೆಸರನ್ನು ಕಾಗದದಲ್ಲಿ ಹಾಕಬೇಡಿ. ಕೊರೊನಾ ಬಂದ 2020ರ ಮಾರ್ಚ್ ನೆನಪಿದೆಯಲ್ಲ, ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ನಮ್ಮ ರೋಗಿಗಳನ್ನು ಮಂಗಳೂರಿಗೆ ಬಿಡಲಿಲ್ಲ. ಚಿಕಿತ್ಸೆ ಸಿಗದೆ ಜನ ಸತ್ತರು. ನಾವು ಯಾವಾಗ ಯಾವ ಊರಿನ ಆಸ್ಪತ್ರೆಯಲ್ಲಿ ಇರುತ್ತೇವೆಂದು ಹೇಳಲಾಗದು. "ಭಾರತದ ಯಾವುದೇ ಆಸ್ಪತ್ರೆಯಲ್ಲಿ" ಎಂದು ಬರೆಯಿರಿ. ಸುಪ್ರೀಂ ಕೋರ್ಟಿನ ನಿಯಮ ಎಲ್ಲ ರಾಜ್ಯಗಳಿಗೂ ಒಂದೇ. ಕೇರಳದಲ್ಲಿ ಸಹಿ ಮಾಡಿದ್ದು ಕರ್ನಾಟಕದಲ್ಲೂ ನಡೆಯುತ್ತದೆ.

ನಾಲ್ಕನೇ ಹೆಜ್ಜೆ: ಸಹಿ

ಇಬ್ಬರು ಸಾಕ್ಷಿಗಳ ಎದುರಿಗೆ ನೀವು ಸಹಿ ಹಾಕಬೇಕು. ಸಾಕ್ಷಿಗಳು ಹೊರಗಿನವರಾದರೆ ಒಳ್ಳೆಯದು ಎಂದು ಕೋರ್ಟು ಹೇಳಿದೆ. ಹಾಗಾಗಿ ಆಸ್ತಿಯಲ್ಲಿ ಪಾಲು ಇರುವವರು ಬೇಡ, ಒಪ್ಪಿಗೆ ಕೊಡುವವರೆಂದು ಹೆಸರು ಬರೆದವರೂ ಬೇಡ. ನೆರೆಮನೆಯವರು, ಹಳೆ ಮಾಷ್ಟ್ರು ಆಗಬಹುದು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಅದನ್ನು ದೃಢೀಕರಿಸಬೇಕು. ಎರಡರಲ್ಲಿ ಒಬ್ಬರು ಸಾಕು. ಒತ್ತಡ, ಆಮಿಷ ಯಾವುದೂ ಇಲ್ಲದೆ, ಪೂರ್ತಿ ಅರ್ಥ ಮಾಡಿಕೊಂಡು ಸಹಿ ಹಾಕಿದ್ದಾರೆಂದು ನಮಗೆ ಮನವರಿಕೆಯಾಗಿದೆ ಎಂದು ಸಾಕ್ಷಿಗಳೂ ಅಧಿಕಾರಿಯೂ ಬರೆಯಬೇಕು. ಈ ಸಾಲು ಬಿಟ್ಟುಹೋಗುವುದು ಜಾಸ್ತಿ. ಬರೀ ಸೀಲು ಸಾಲದು. ಮೊದಲೇ ಟೈಪ್ ಮಾಡಿಸಿಕೊಂಡು ಹೋಗಿ.

ಹೆಬ್ಬೆಟ್ಟು ಒತ್ತುವವರಾದರೆ, ಪೂರ್ತಿ ಓದಿ ಹೇಳಿದ್ದೇವೆ, ಅವರು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ ಎಂದು ಸೇರಿಸಿ. ಸ್ಟ್ಯಾಂಪ್ ಪೇಪರ್ ಬೇಕೆಂದು ತೀರ್ಪಿನಲ್ಲಿ ಇಲ್ಲ. ನೋಟರಿ ಕೇಳಿದರೆ ಕೊಡಿ, ಅದಕ್ಕೆ ಜಗಳ ಬೇಡ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗದ ಕಾರಣ ನೋಟರಿಯೇ ಮನೆಗೆ ಬಂದರು. ಹಾಳೆ ಹಾಳೆಗೂ ಸಹಿ ಹಾಕಿಸಿದರು. ಅಮ್ಮನನ್ನು ಬೇರೆ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ, "ಮಕ್ಕಳು ಹೇಳಿ ಮಾಡಿಸಿದ್ದಾ?" ಎಂದು ಕೇಳಿದರು. ಒಳ್ಳೆಯ ನೋಟರಿ ಹೀಗೆ ಕೇಳಬೇಕು.

ಒಂದೇ ಪ್ರತಿಗೆ ಸಹಿ ಹಾಕಿ ಬಿಡಬೇಡಿ. ಅದೇ ದಿನ ಆರು ಪ್ರತಿಗಳಿಗೆ ಸಹಿ, ಸೀಲು ಎಲ್ಲ ಮಾಡಿಸಿ.

ಐದನೇ ಹೆಜ್ಜೆ: ಕಾಗದವನ್ನು ತಲುಪಿಸುವುದು

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕಪಾಟಿನಲ್ಲಿ ಬೀಗ ಹಾಕಿಟ್ಟ ಕಾಗದ ಇಲ್ಲದ ಕಾಗದಕ್ಕೆ ಸಮ.

ಹೆಸರಿಸಿದ ಎಲ್ಲರಿಗೂ ಒಂದೊಂದು ಪ್ರತಿ ಕೊಡಬೇಕು. ಮನೆ ಡಾಕ್ಟರಿದ್ದರೆ ಅವರಿಗೂ ಒಂದು. ಇನ್ನೊಂದು ಪ್ರತಿ ಪಂಚಾಯತಿಗೆ ಅಥವಾ ಮುನ್ಸಿಪಾಲಿಟಿಗೆ ಹೋಗಬೇಕು. ಅಲ್ಲಿ ಒಬ್ಬ ಅಧಿಕಾರಿಯನ್ನು ಇದರ ಕಸ್ಟೋಡಿಯನ್, ಅಂದರೆ ಕಾಗದ ಕಾಪಾಡಿಡುವವರು ಎಂದು ನೇಮಿಸಬೇಕು ಎಂಬುದು ಕೋರ್ಟಿನ ಆದೇಶ. ನಾನು ಒಂದು ಕಚೇರಿಗೆ ಹೋದಾಗ ಕೌಂಟರಿನಲ್ಲಿದ್ದವರು ಇಂಥದ್ದನ್ನು ಕೇಳಿಯೇ ಇರಲಿಲ್ಲ. ವಾಪಸ್ ಕಳಿಸಿದರು. ಎರಡನೇ ಸಲ ಕಾರ್ಯದರ್ಶಿಯ ಹೆಸರಿಗೆ ಕನ್ನಡದಲ್ಲಿ ಮನವಿ ಬರೆದು, 2023ರ ಆದೇಶದ ಆ ಭಾಗದ ಪ್ರಿಂಟ್ ಲಗತ್ತಿಸಿ ಕೊಟ್ಟೆ. ತೆಗೆದುಕೊಂಡರು. ಸ್ವೀಕೃತಿ ನಂಬರ್ ಇಲ್ಲದೆ ಬರಬೇಡಿ. ತೆಗೆದುಕೊಳ್ಳದಿದ್ದರೆ ತಲುಪಿದ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಗಡಿಯ ತೊಡಕು ಇಲ್ಲಿ ಬರುತ್ತದೆ. ಕಾಗದ ಅಸಲಿಯೇ ಎಂದು ಡಾಕ್ಟರು ಕಸ್ಟೋಡಿಯನ್ ಹತ್ತಿರ, ಅಥವಾ ಡಿಜಿಟಲ್ ದಾಖಲೆ ಇದ್ದರೆ ಅದರಲ್ಲಿ, ಖಚಿತ ಮಾಡಿಕೊಳ್ಳಬೇಕು. ರೋಗಿ ಮಂಗಳೂರಿನಲ್ಲಿ, ಕಸ್ಟೋಡಿಯನ್ ಗಡಿಯ ಈಚೆ ಎಣ್ಮಕಜೆಯಲ್ಲೋ ಪೈವಳಿಕೆಯಲ್ಲೋ. ಅದಕ್ಕೆ ಕಾಗದದ ಮೊದಲ ಪುಟದಲ್ಲೇ ಪಂಚಾಯತಿನ ಫೋನ್ ನಂಬರ್, ಸ್ವೀಕೃತಿ ನಂಬರ್, ತಾರೀಕು ಬರೆದಿಡಿ. ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ, ಅಂದರೆ ಅಭಾ ಹೆಲ್ತ್ ಅಕೌಂಟ್ ಇದ್ದರೆ ಅಲ್ಲಿಯೂ ಸ್ಕ್ಯಾನ್ ಸೇರಿಸಿ. ಹೆಸರಿಸಿದವರ ಮೊಬೈಲಿನಲ್ಲೂ ಒಂದು ಪಿಡಿಎಫ್ ಇರಲಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ?

ಕಾಗದ ಕೊಟ್ಟ ಕೂಡಲೇ ಯಂತ್ರ ನಿಲ್ಲಿಸುವುದಿಲ್ಲ. ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಕೂರುತ್ತದೆ. ಚಿಕಿತ್ಸೆ ಕೊಡುವ ಡಾಕ್ಟರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಅದರಲ್ಲಿ ಇರುತ್ತಾರೆ. ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು, ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಅವರಿಗೂ 48 ಗಂಟೆ. ನೀವು ಹೆಸರಿಸಿದವರ ಒಪ್ಪಿಗೆ ಬೇಕು. ಆಮೇಲೆ ಆಸ್ಪತ್ರೆ ಆ ವ್ಯಾಪ್ತಿಯ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುತ್ತದೆ. ಈಗ ತಿಳಿಸಿದರೆ ಸಾಕು, ಅವರ ಅನುಮತಿ ಬೇಕಿಲ್ಲ.

ಎಲ್ಲವೂ ಆಸ್ಪತ್ರೆ ಇರುವ ಜಿಲ್ಲೆಯ ಲೆಕ್ಕ. ಮಂಗಳೂರಿನಲ್ಲಿದ್ದರೆ ದಕ್ಷಿಣ ಕನ್ನಡದ ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ ಸೂಚಿಸಿದ ಡಾಕ್ಟರು, ಕಾಸರಗೋಡಿನಲ್ಲಿದ್ದರೆ ಇಲ್ಲಿನ ಜಿಲ್ಲಾ ವೈದ್ಯಾಧಿಕಾರಿ, ಅಂದರೆ ಡಿಎಂಒ ಸೂಚಿಸಿದವರು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕಾಗಿಯೇ ಒಂದು ಸುತ್ತೋಲೆ ಹೊರಡಿಸಿದೆ. ಮಂಗಳೂರಿನ ಆಸ್ಪತ್ರೆ "ನಮಗೆ ಇದು ಗೊತ್ತಿಲ್ಲ" ಎಂದರೆ ಆ ಸುತ್ತೋಲೆಯ ಬಗ್ಗೆ ಹೇಳಿ. ಮಂಡಳಿ ಒಪ್ಪದಿದ್ದರೆ ಹೆಸರಿಸಿದವರು ಹೈಕೋರ್ಟಿಗೆ ಹೋಗಬಹುದು. ಮಂಗಳೂರಿನದ್ದಾದರೆ ಕರ್ನಾಟಕ ಹೈಕೋರ್ಟು, ನಮ್ಮ ಜಿಲ್ಲೆಯದ್ದಾದರೆ ಕೊಚ್ಚಿಯ ಕೇರಳ ಹೈಕೋರ್ಟು.

ಕಾಗದವೇ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಮನೆಯವರ ಒಪ್ಪಿಗೆಯಿಂದ ಇದೇ ಎರಡು ಮಂಡಳಿಗಳ ಮೂಲಕ ಹೋಗಬಹುದು. ಅಪ್ಪನ ಸಲ ನಮಗೆ ಅದನ್ನು ಯಾರೂ ಹೇಳಲಿಲ್ಲ. "ಬೇಕಾದರೆ ನಿಮ್ಮ ಜವಾಬ್ದಾರಿಯಲ್ಲಿ ಸಹಿ ಹಾಕಿ ಮನೆಗೆ ಕೊಂಡುಹೋಗಿ" ಎಂದರು. ಆ ಸಹಿ ಹಾಕಲು ನಮ್ಮ ಮೂವರಲ್ಲಿ ಯಾರಿಗೂ ಕೈ ಬರಲಿಲ್ಲ.

ಇದರ ಜೊತೆ ಬೆರೆಸಬಾರದ ಎರಡು ಕಾಗದಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮುಂಗಡ ನಿರ್ದೇಶನ ಇದೆ, ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ. ಅಂಗದಾನಕ್ಕೆ ಬೇರೆಯೇ ಕಾನೂನು, ಬೇರೆಯೇ ಫಾರಂ.

ಬದಲಾಯಿಸುವುದು

ಮನಸ್ಸು ಬದಲಾದರೆ ಕಾಗದವನ್ನೂ ಬದಲಾಯಿಸಬಹುದು. ಬರವಣಿಗೆಯಲ್ಲೇ ಆಗಬೇಕು, ಮೊದಲ ಸಲ ಮಾಡಿದ ಕ್ರಮದಲ್ಲೇ ಆಗಬೇಕು. ರದ್ದಾಗದ ಎರಡು ಕಾಗದ ಇದ್ದರೆ ಕೊನೆಗೆ ಸಹಿ ಹಾಕಿದ್ದೇ ನಿಲ್ಲುತ್ತದೆ. ಆದರೂ ಹಳೆಯ ಪ್ರತಿಗಳನ್ನು ಎಲ್ಲರಿಂದಲೂ ವಾಪಸ್ ತೆಗೆದುಕೊಂಡು ಹರಿದುಹಾಕಿ. ಪಂಚಾಯತಿಗೂ ಬರೆದು ತಿಳಿಸಿ.

ಕಳೆದ ಮಳೆಗಾಲದಲ್ಲಿ ಅಮ್ಮ ಒಂದು ಬದಲಾವಣೆ ಮಾಡಿಸಿದರು. "ಸಾಧ್ಯವಾದರೆ ಮನೆಗೆ ಕರೆದುಕೊಂಡು ಹೋಗಿ" ಎಂದಿದ್ದಲ್ಲಿ "ಸಾಧ್ಯವಾದರೆ" ಎಂಬ ಮಾತು ತೆಗೆಯಬೇಕು ಎಂದರು. ಆ ಒಂದು ಪದಕ್ಕೆ ಮತ್ತೆ ಇಬ್ಬರು ಸಾಕ್ಷಿ, ಮತ್ತೆ ನೋಟರಿ, ಮತ್ತೆ ಆರು ಪ್ರತಿ, ಮತ್ತೆ ಪಂಚಾಯತ್ ಕಚೇರಿ. ಈ ಸಲ ಆ ಓಡಾಟವನ್ನೆಲ್ಲ ಅಣ್ಣನೇ ಮಾಡಿದ.